ಪುಷ್ಪವ್ವನ ಮೊದಲ ಸಂಕ್ರಮಣ

“ಬಾಯಿ ಮುಚ್ಚಲೇ! ಲಗ್ನಾ ಮಾಡ್ಕೊಂಡೀನಿ ಅಂದ್ರ ಮುಗೀತೇನು? ಕರಿಮಣಿ ಎಲ್ಲಿ? ಅಕ್ಕಿಕಾಳು ಹಾಕಿದವರು ಯಾರು? ಅವ್ವ ಹಾಕಿದಳೇನು, ನಾ ಹಾಕಿದೆನೇನು?”

“ಸರಕಾರದ ಕಾಗದಾ ಐತಿ ಅಣ್ಣಾ. ರಾಮನಾಥಪುರದಾಗ ಸಹಿ ಮಾಡಿ ಬಂದೀವಿ. ನೀನ ಓದಿ ನೋಡು.”

“ನಿನ್ನ ಕಾಗದಾ ಒಲಿಗೆ ಹಾಕು. ಆ ದೇಶದಾಗ ನಿಮ್ಮ ಮ್ಯಾಲೆ ಗುಂಡು ಹಾರಸ್ತಾರಂತ ದಿನಾ ರೇಡಿಯೋದಾಗ ಕೇಳಾಕತ್ತೀವಿ. ಅದ ದೇಶದ ಹೆಂಗಸನ್ನ ತಂದು ಪಡಸಾಲ್ಯಾಗ ಕುಂದರಿಸೀಯಲ್ಲ, ತಲಿ ನೆಟ್ಟಗೈತೇನು?”

“ಗುಂಡು ಹಾರಸಾವ್ರು ಬ್ಯಾರೆ, ಈಕಿ ಬ್ಯಾರೆ.”

“ಅದು ನನಗ ಹ್ಯಾಂಗ ಗೊತ್ತಾಗಬೇಕಲೇ?”

ಹೀಗೆ ಬೈಸಿಕೊಳ್ಳುತ್ತಿದ್ದವನು ನನ್ನ ತಮ್ಮ ಮುದಕಪ್ಪ. ಅವನು ಮಿಲಿಟರಿ ಸೇರಿ ಹನ್ನೊಂದು ವರ್ಷವಾಗಿತ್ತು. ಹಿಂದಿನ ವರ್ಷ ದಸರೆ ಮುಗಿದ ಮೇಲೆ ಅವನ ದಂಡನ್ನು ಸಮುದ್ರ ದಾಟಿಸಿ ಶ್ರೀಲಂಕಾಕ್ಕೆ ಕಳಿಸಿದ್ದರು. ಈಗ ಎಂಬತ್ತೆಂಟರ ಸೆಪ್ಟೆಂಬರಿನಲ್ಲಿ ಇಪ್ಪತ್ತು ದಿನದ ರಜೆಯ ಮೇಲೆ ಬಂದವನು, ಅದರಲ್ಲಿ ಎಂಟು ದಿನವನ್ನು ದಾರಿಯಲ್ಲೇ ಕಳೆದು, ಜಾಫ್ನಾದ ಹೆಣ್ಣುಮಗಳೊಬ್ಬಳನ್ನು ಕರೆದುಕೊಂಡು ಯರಗುಪ್ಪಿಯ ನಮ್ಮ ಮನೆಗೆ ಬಂದಿದ್ದ.

ಆಕೆ ಕಂಬಳಿಯ ಮೇಲೆ ಕೂತಿದ್ದಳು. ವಯಸ್ಸು ಇಪ್ಪತ್ತೈದರ ಆಚೀಚೆ. ತೊಡೆಯ ಮೇಲೆ ಒಂದು ಕೈಚೀಲ. ನಾನು ಕೂಗಿದಾಗ ನನ್ನ ಮುಖ ನೋಡುತ್ತಿದ್ದಳು, ಅವನು ಮಾತಾಡಿದಾಗ ಅವನ ಮುಖ ನೋಡುತ್ತಿದ್ದಳು. ಕೊರಳಲ್ಲಿ ಅರಿಶಿನದ ದಾರ, ಅದಕ್ಕೆ ಒಂದು ಸಣ್ಣ ಶಿಲುಬೆ. ಅದನ್ನು ನೋಡಿಯೇ ನನ್ನ ಸಿಟ್ಟು ಇನ್ನಷ್ಟು ಏರಿತು.

ಕೊನೆಗೆ ನನ್ನ ಅವ್ವ ಸಾವಂತ್ರೆವ್ವ ಒಳಗಿನಿಂದ ಬಂದು ನನ್ನ ಹೆಂಡತಿಗೆ ಹೇಳಿದಳು: “ಮಲ್ಲಕ್ಕಾ, ಆ ಹುಡಿಗಿಗೆ ಉಣ್ಣಾಕ ಹಾಕು. ಇಂವಾ ನಾಳೆನೂ ಬೈತಾನ, ನಾಡದೂ ಬೈತಾನ. ಅಲ್ಲಿತನಕ ಆಕಿ ಹಸದು ಕೂಡಬೇಕೇನು?”

ಮರುದಿನ ಕುರಿದೊಡ್ಡಿಯ ಹತ್ತಿರ ಮುದಕಪ್ಪ ತಾನಾಗಿಯೇ ಎಲ್ಲ ಹೇಳಿದ. ನಮ್ಮದು ಕುರಿ ಕಾಯುವ ಮನೆತನ. ಎಂಟೆಕರೆ ಎರೆಹೊಲವಿದ್ದರೂ ನಾವು ಲೆಕ್ಕಕ್ಕೆ ಹಿಡಿಯುವುದು ಕುರಿಗಳನ್ನೇ. ಜಾಫ್ನಾದಲ್ಲಿ ಒಂದು ಚರ್ಚಿನ ಅಂಗಳದಲ್ಲಿ ಮನೆ ಬಿಟ್ಟು ಬಂದ ಜನ ತುಂಬಿದ್ದರಂತೆ. ಇವನು ಬಾಗಿಲಲ್ಲಿ ಪಹರೆ. ಈಕೆ ಒಂದು ಆಡನ್ನು ಎಳೆದುಕೊಂಡು ಬಂದಳು. ಒಳಗೆ ಜನಕ್ಕೇ ಜಾಗವಿಲ್ಲ, ಆಡಿಗೆಲ್ಲಿ ಎಂದು ಇವನು ತಡೆದ. ಈಕೆ ಜಗಳಕ್ಕೆ ನಿಂತಳು.

“ನಾ ಆಕಿ ಬೈಯೂದನ್ನ ಕೇಳಲೇ ಇಲ್ಲಣ್ಣಾ. ಆಡಿನ ಕಡೆ ನೋಡಿದೆ. ಈಯಾಕ ತಿಣಕತಿತ್ತು, ಮರಿ ಅಡ್ಡಾಗಿತ್ತು. ಬಂದೂಕು ಗ್ವಾಡಿಗೆ ಆನಿಸಿ, ತೋಳು ಏರಿಸಿ, ಅಪ್ಪಾ ಕಲಿಸಿದಂಗ ಒಳಗ ಕೈ ಹಾಕಿ ತಿರುವಿ ಎಳದೆ. ಮರಿ ಉಳೀತು, ಆಡೂ ಉಳೀತು. ನನಗ ಮ್ಯಾಲಿನವರು ಏಳು ದಿನ ಶಿಕ್ಷಾ ಕೊಟ್ರು. ಪಹರೆದಾಗ ಬಂದೂಕು ಬಿಟ್ಟಿಯಂತ.”

“ಶಿಕ್ಷಾ ಕೊಟ್ಟದ್ದು ಚಲೋ ಆತು.”

“ಮರುದಿನದಿಂದ ಆಕಿ ನನಗ ಒಂದು ವಾಟಗಾ ಹಾಲು ತಂದು ಕೊಡಾಕತ್ತಿದಳು.”

ಆಕೆಯ ಹೆಸರು ಮರಿಯಪುಷ್ಪಂ. ಆ ಆಡನ್ನು ಮಾರಿ ದೋಣಿ ಹತ್ತಿ ರಾಮೇಶ್ವರದ ಹತ್ತಿರ ಮಂಟಪಂನ ನಿರಾಶ್ರಿತರ ಕ್ಯಾಂಪಿಗೆ ಬಂದಿದ್ದಳು. ಅಲ್ಲಿಂದ ಇವನು ಕರೆತಂದ. ಹಿಂದಿಲ್ಲ ಮುಂದಿಲ್ಲ. ಇದ್ದ ಒಬ್ಬ ತಮ್ಮ ಶೆಲ್ ಬಿದ್ದು ಸತ್ತಿದ್ದ.

“ಶೆಲ್ ಯಾರದು? ನಮ್ಮವರದೇನು?” ಎಂದು ಕೇಳಿದೆ.

ಮುದಕಪ್ಪ ಕುರಿಗಳ ಕಡೆ ಮುಖ ತಿರುಗಿಸಿದ. “ಗೊತ್ತಿಲ್ಲಣ್ಣಾ. ಆಕಿಗೂ ಗೊತ್ತಿಲ್ಲ. ಆಕಿ ಕೇಳಿಲ್ಲ, ನಾ ಹೇಳಿಲ್ಲ.”

ಇಂಥ ಮಾತು ನನ್ನ ತಲೆಗೆ ಹೋಗುವುದಿಲ್ಲ. ನಾನು ಊರ ಶಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಓದಿದವನು. ಕಂಡದ್ದನ್ನು ಕಂಡಂತೆ ಹೇಳುವವನು. ತನ್ನ ತಮ್ಮನನ್ನು ಕೊಂದ ಶೆಲ್ ಯಾವ ಕಡೆಯಿಂದ ಬಂತು ಎಂದು ಕೇಳದೆ, ಬಂದೂಕು ಹಿಡಿದವನನ್ನೇ ಮದುವೆಯಾಗುವ ಹೆಂಗಸನ್ನು ಏನೆಂದು ತಿಳಿಯಬೇಕು? ಪ್ರೀತಿಯೋ, ಹೊಟ್ಟೆಪಾಡೋ, ಸೇಡೋ? ಮೂರೂ ಅಲ್ಲದ ಇನ್ನೇನೋ ಇರಬಹುದು ಎಂದು ಆಗ ನನಗೆ ಹೊಳೆಯಲಿಲ್ಲ. ಈಗಲೂ ಸರಿಯಾಗಿ ಹೊಳೆದಿಲ್ಲ.

ರಜೆ ಮುಗಿದು ಹೊರಡುವಾಗ ಮುದಕಪ್ಪ ನನ್ನ ಕೈ ಹಿಡಿದ. “ನಾ ಬರೂತನಕ ಆಕಿ ಈ ಮನ್ಯಾಗ ಇರಬೇಕು. ನೀ ಬೈಯಿ, ಬಡಿಯೂದಿದ್ರ ನಾ ಬಂದ ಮ್ಯಾಲೆ ನನ್ನ ಬಡಿ. ಆದ್ರ ಆಕಿ ಹೋದಳು ಅಂದ್ರ ನಾನೂ ಈ ಹೊಸ್ತಿಲಾ ತುಳಿಯೂದಿಲ್ಲ.”

“ಇರ್ತಾಳ ಹೋಗು,” ಎಂದೆ. ಅಷ್ಟೇ ಅಂದೆ. ಆದರೆ ಅಂದದ್ದು ಅಂದದ್ದೇ. ಅವತ್ತಿನಿಂದ ಆಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ನನ್ನ ಕೆಲಸವಾಯಿತು. ಅದು ತಪ್ಪಿದರೆ ತಮ್ಮನೂ ತಪ್ಪಿದ ಹಾಗೆ.

ಮನೆಯ ಹೆಂಗಸರು ಆಕೆಯನ್ನು ಪುಷ್ಪವ್ವ ಎಂದು ಕರೆದರು. ಮೊದಲ ವಾರದಲ್ಲೇ ಅವ್ವ ಪೆಟ್ಟಿಗೆಯಿಂದ ಕರಿಮಣಿ ಸರ ತೆಗೆದು ಆಕೆಯ ಕೊರಳಿಗೆ ಹಾಕಲು ಹೋದಳು. ಆಕೆ ಎರಡೂ ಕೈ ಅಡ್ಡ ಹಿಡಿದು ತಲೆಯಾಡಿಸಿದಳು. ಅವ್ವ ಬೆಪ್ಪಾದಳು. ಮುತ್ತೈದೆ ಕರಿಮಣಿ ಬೇಡ ಎನ್ನುವುದನ್ನು ಅವ್ವ ತನ್ನ ಎಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ.

“ಅವರ ಕಡೆ ಅರಿಶಿಣದ ದಾರನ ತಾಳಿ ಇರಬೇಕು ಬಿಡ್ರಿ ಅತ್ತಿ,” ಎಂದಳು ಮಲ್ಲಕ್ಕ.

“ಇದ್ರ ಇರಲಿ. ಕರಿಮಣಿ ಏನ ಚೇಳಾ ಕಡಿಯಾಕ?”

ಕುರಿಗಳ ವಿಷಯದಲ್ಲಿ ಮಾತ್ರ ಆಕೆಗೆ ಭಾಷೆ ಬೇಕಾಗಲಿಲ್ಲ. ಒಂದು ಕುರಿ ತನ್ನ ಮರಿಯನ್ನು ಮೂಸಿ ದೂರ ತಳ್ಳುತ್ತಿತ್ತು. ನಾನು ಮೂರು ದಿನ ಹಿಡಿದು ಹಿಡಿದು ಕುಡಿಸಿ ಬೇಸತ್ತಿದ್ದೆ. ಆಕೆ ಮರಿಯ ಮೈಗೆ ಉಪ್ಪು ಸವರಿ ತಾಯಿಯ ಮುಂದೆ ಬಿಟ್ಟಳು. ಅದು ನೆಕ್ಕತೊಡಗಿತು. ಸಂಜೆಯೊಳಗೆ ತಾನೇ ಮೊಲೆ ಕೊಟ್ಟಿತು. “ಹೂಂ,” ಎಂದೆ ನಾನು. ನನ್ನಿಂದ ಅಷ್ಟು ಬಂದದ್ದೇ ಹೆಚ್ಚು ಎಂದು ಮಲ್ಲಕ್ಕ ಊರೆಲ್ಲ ಹೇಳಿಕೊಂಡು ನಕ್ಕಳು.

ಆ ದಿನಗಳಲ್ಲೇ ಹನಮಪ್ಪನ ಜೊತೆ ಒಂದು ಮರಿಯ ತಕರಾರು ಬಂತು. ತನ್ನದು ಎಂದು ಅವನು, ನನ್ನದು ಎಂದು ನಾನು. ನಾನು ಗೋಡೆಯಲ್ಲಿನ ದೇವರ ಮಾಡದಿಂದ ಬೀರದೇವರ ಭಂಡಾರದ ಚೀಲ ತಂದು ಅಂಗಳದಲ್ಲಿ ಇಟ್ಟೆ. ಭಂಡಾರವೆಂದರೆ ಬರೀ ಅರಿಶಿನದ ಪುಡಿ. ಆದರೆ ಅದನ್ನು ಮುಷ್ಟಿಯಲ್ಲಿ ಹಿಡಿದು ನಮ್ಮವರು ಯಾರೂ ಸುಳ್ಳು ಹೇಳುವುದಿಲ್ಲ.

“ಹಿಡದು ಹೇಳು, ಮರಿ ನಿಂದಂತ.”

ಹನಮಪ್ಪ ಕೈ ಚಾಚಿದ, ಹಿಂದಕ್ಕೆಳೆದ. “ತಗೋರಿ ಮಾರಾಯ್ರ, ನಿಮ್ಮದ ಇರಬೇಕು,” ಎಂದು ಮರಿ ಬಿಟ್ಟು ಹೋದ. ಪುಷ್ಪವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೆಂದು ಕೈಸನ್ನೆಯಲ್ಲಿ ಕೇಳಿದಳು. ಮಲ್ಲಕ್ಕ ನಾಲಿಗೆ ಮುಟ್ಟಿ ತೋರಿಸಿ, ಭಂಡಾರ ತೋರಿಸಿ, ಬೆರಳನ್ನು ಕೊರಳಿಗೆ ಅಡ್ಡ ಎಳೆದು ತೋರಿಸಿದಳು. ಆಕೆಗೆ ತಿಳಿಯಿತು.

ಹದಿನೈದು ದಿನಕ್ಕೊಮ್ಮೆ ಮುದಕಪ್ಪನ ಪತ್ರ ಬರುತ್ತಿತ್ತು. ಒಂದು ಹಾಳೆ ಕನ್ನಡದಲ್ಲಿ ನನಗೆ, ಒಂದು ಹಾಳೆ ಯಾರೋ ಗೆಳೆಯನಿಂದ ತಮಿಳಿನಲ್ಲಿ ಬರೆಸಿದ್ದು ಆಕೆಗೆ. ದೀಪಾವಳಿ ಮುಗಿದ ವಾರದಲ್ಲಿ ಬಂದ ಪತ್ರವೇ ಕಡೆಯದು. ಆಮೇಲೆ ಬರಲಿಲ್ಲ. ನಾನು ಎರಡು ಪತ್ರ ಬರೆದೆ. ಉತ್ತರವಿಲ್ಲ. ರೇಡಿಯೋ ವಾರ್ತೆಯಲ್ಲಿ ಇಷ್ಟು ಜವಾನರು ಸತ್ತರು ಎಂದು ಸಂಖ್ಯೆ ಹೇಳುತ್ತಿದ್ದರು, ಹೆಸರು ಹೇಳುತ್ತಿರಲಿಲ್ಲ. ಅಂಚೆಯವನ ಸೈಕಲ್ ಬರುವ ಹೊತ್ತಿಗೆ ಪುಷ್ಪವ್ವ ಕಟ್ಟೆಗೆ ಬಂದು ನಿಲ್ಲುವಳು. ಅವನು ದೂರದಿಂದಲೇ ಕೈ ಅಲ್ಲಾಡಿಸಿ ಮುಂದೆ ಹೋಗುವನು. ಆಕೆ ಒಳಗೆ ಬಂದು ನನ್ನ ಮುಖ ನೋಡುವಳು. ನಾನು ಬೇರೆ ಕಡೆ ನೋಡುವೆನು. ಏನು ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು?

ಹೀಗೆ ಎಂಬತ್ತೊಂಬತ್ತರ ಸಂಕ್ರಮಣ ಬಂತು.

ನಮ್ಮ ಮನೆಯಲ್ಲಿ ಹೊಸ ಸೊಸೆಗೆ ಮೊದಲ ಸಂಕ್ರಮಣಕ್ಕೆ ಚಂದ್ರಕಾಳಿ ಸೀರೆ ಉಡಿಸುತ್ತಾರೆ. ಮೈಯೆಲ್ಲ ಕಪ್ಪು, ಕೆಂಪು ಅಂಚು, ಕೆಂಪು ಸೆರಗು. ಚಳಿಗಾಲಕ್ಕೆ ಕಪ್ಪು ಬೆಚ್ಚಗೆ, ಕಣ್ಣೂ ತಾಗುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಮಲ್ಲಕ್ಕನಿಗೂ ಉಡಿಸಿದ್ದರು, ಅವ್ವನಿಗೂ ಉಡಿಸಿದ್ದರು. ಅವ್ವ ಯಾರಿಗೂ ಹೇಳದೆ ಕುಂದಗೋಳದಿಂದ ಒಂದು ಇಳಕಲ್ ಚಂದ್ರಕಾಳಿ ತರಿಸಿ ಇಟ್ಟಿದ್ದಳು.

“ನಾಕು ತಿಂಗಳಾತು, ಆ ಹುಡಿಗಿ ಒಬ್ಬಾಕೀನ ಕುಂತ ಅಳತೈತಿ,” ಎಂದಳು. “ನಮ್ಮಾಕಿ ಅಂತ ನಾವು ಬಾಯಿಲೆ ಹೇಳಾಕ ಬರೂದಿಲ್ಲ. ಸೀರಿ ಉಡಿಸಿದ್ರ ತಿಳೀತೈತಿ.”

ನಾನು ಬೇಡ ಎನ್ನಲಿಲ್ಲ. ನನಗೂ ಅದು ಸರಿ ಅನಿಸಿತು. ಆಕೆ ಮನೆಯವಳಾದರೆ ಮನೆಯಲ್ಲಿ ಉಳಿಯುತ್ತಾಳೆ.

ಹಬ್ಬದ ಬೆಳಿಗ್ಗೆ ಬಳೆಗಾರ್ತಿ ಹಲೀಮಾಬಿ ಬಂದಳು. ನಾನು ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದೆ, ಎಲ್ಲ ಕಣ್ಣೆದುರೇ ನಡೆಯಿತು. ಓಣಿಯ ನಾಲ್ಕು ಹೆಂಗಸರು ಬಂದು ಕೂತಿದ್ದರು. ಹಬ್ಬವೆಂದು ಪುಷ್ಪವ್ವ ಮಿಂದು ಬಂದು ನಗುನಗುತ್ತಲೇ ಕೈ ಚಾಚಿದಳು. ಆ ಕೈಯಲ್ಲಿ ನಾಲ್ಕು ಕೆಂಪು ಗಾಜಿನ ಬಳೆ. ಮುದಕಪ್ಪ ರಾಮೇಶ್ವರದಲ್ಲಿ ಕೊಡಿಸಿದ್ದು.

ಹಲೀಮಾಬಿ ಉಗುರಿನಿಂದ ಅವನ್ನು ತಟ್ಟಿ ನೋಡಿದಳು. “ಇವು ಸೀಳ ಬಿಟ್ಟಾವ್ರಿ ಯವ್ವಾ. ಸೀಳಿದ ಬಳಿ ಮುತ್ತೈದಿ ಕೈಯಾಗ ಇರಬಾರದು. ತಗದು ಹಸರು ಬಳಿ ಇಡ್ತೀನಿ.”

“ತಗೀ, ತಗೀ,” ಎಂದಳು ಅವ್ವ.

ಹಲೀಮಾಬಿ ಕಲ್ಲಿಗೆ ತಾಗಿಸಿ ಒಡೆದು ಒಂದು ತೆಗೆದಳು, ಎರಡು ತೆಗೆದಳು. ಪುಷ್ಪವ್ವನ ಮುಖದ ನಗು ಹೋಯಿತು. ಕೈ ಎಳೆದುಕೊಂಡಳು. ಹಲೀಮಾಬಿ ಮುಂಗೈ ಗಟ್ಟಿಯಾಗಿ ಹಿಡಿದಿದ್ದಳು. ಜಗ್ಗಾಟದಲ್ಲಿ ಉಳಿದ ಎರಡೂ ಒಡೆದು ರಕ್ತ ಬಂತು. ಆಕೆ ಒಡೆದ ಚೂರುಗಳನ್ನು ನೋಡಿದಳು, ಸುತ್ತ ಕೂತ ಹೆಂಗಸರನ್ನು ನೋಡಿದಳು. ಹುಡುಗಿ ಹೆದರಿದಳು ಎಂದು ಅವ್ವ ಗಡಬಡಿಸಿ ಎದ್ದು, ಸಮಾಧಾನ ಮಾಡಲೆಂದು ಆ ಕರಿ ಸೀರೆಯನ್ನು ಬಿಚ್ಚಿ ಆಕೆಯ ಹೆಗಲ ಮೇಲೆ ಹೊದಿಸಿದಳು.

ಆಕೆ ಕಿರುಚಿದಳು. ಮುದಕಪ್ಪನ ಹೆಸರು ಹಿಡಿದು ಕಿರುಚಿದಳು. ನಮ್ಮ ಮನೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಹೆಂಗಸರೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಕೆ ಸೀರೆ ಕಿತ್ತೆಸೆದು ನನ್ನ ಹತ್ತಿರ ಓಡಿಬಂದು ಅಂಗಿಯ ತೋಳು ಹಿಡಿದು ಜಗ್ಗಿ ಏನೇನೋ ಕೇಳಿದಳು. ನನಗೆ ತಮ್ಮನ ಹೆಸರೊಂದು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

“ಏನ ಮಾಡಿದ್ರಿಬೇ ಆಕಿಗೆ?” ಎಂದು ನಾನು ಹೆಂಗಸರ ಮೇಲೆ ಕೂಗಾಡಿದೆ.

“ನಾ ಏನ ಮಾಡಿದ್ನೋ ಮಾಳ್ಯಾ!” ಎಂದು ಅವ್ವ ನನ್ನ ಕಡೆ ತಿರುಗಿದಳು. “ಮನಿಸೊಸಿಗೆ ಮಾಡೂದು ಮಾಡೇನಿ.”

“ಮೈಯಾಗ ಏನರೆ ಬಂದಿರಬೇಕು,” ಎಂದಳು ಒಬ್ಬಾಕೆ. “ನನ್ನ ಕೈಗುಣಾ ಎಂದೂ ಹಿಂಗ ಆಗಿಲ್ರಿ,” ಎಂದು ಹಲೀಮಾಬಿಯೂ ಅಳತೊಡಗಿದಳು. ಪುಷ್ಪವ್ವ ಅಡಿಗೆಮನೆಯ ಮೂಲೆ ಹಿಡಿದು ಗೋಡೆಗೆ ಹಣೆ ಹಚ್ಚಿ ಕೂತುಬಿಟ್ಟಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಲೆಯ ಪಕ್ಕ ಹಾಗೇ ತಣ್ಣಗಾದವು.

ನಾನು ಸೈಕಲ್ ಹತ್ತಿ ಸಂಶಿ ಸ್ಟೇಶನ್ನಿಗೆ ಹೋದೆ. ಅಲ್ಲಿ ರೈಲು ಹಳಿಯ ಕೆಲಸದ ದೊರೈಸಾಮಿ ಎಂಬವನಿದ್ದ. ಸೇಲಂ ಕಡೆಯವನು. ಹುಬ್ಬಳ್ಳಿಯಲ್ಲಿ ಬಹಳ ವರ್ಷ ಇದ್ದು ಅರೆಬರೆ ಕನ್ನಡ ಕಲಿತಿದ್ದ. ಅವನನ್ನು ಹಿಂದೆ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ “ಆ ಸಿಲೋನ್ ತಮಿಳು ನನಗೆ ಪೂರ್ತಿ ಗೊತ್ತಾಗಲ್ಲ ಸಾರ್,” ಎನ್ನುತ್ತಿದ್ದ. “ಗೊತ್ತಾದಷ್ಟ ಹೇಳು,” ಎಂದೆ.

ಅವನು ಅಡಿಗೆಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಮಾತಾಡಿಸಿದ. ತನ್ನ ಭಾಷೆ ಕೇಳಿದ ಕೂಡಲೇ ಆಕೆ ತಿರುಗಿದಳು. ನಾಲ್ಕು ತಿಂಗಳ ಮಾತೆಲ್ಲ ಒಮ್ಮೆಗೇ ಬಂದಂತೆ ಬಂತು. ದೊರೈಸಾಮಿ ಕೇಳಿ ಕೇಳಿ ಬೆವರಿದ.

“ಸಾರ್, ಇವಳು ಕೇಳ್ತಾಳೆ, ಗಂಡ ಸತ್ತದ್ದು ಯಾವಾಗ ಅಂತ. ನಿಮಗೆಲ್ಲಾ ಗೊತ್ತಿದ್ದು ಯಾಕೆ ಮುಚ್ಚಿದ್ರಿ ಅಂತ.”

“ಸತ್ತ ಅಂದವರು ಯಾರಲೇ?”

“ಬಳೆ ಒಡೆದ್ರಂತೆ. ಕರಿ ಸೀರೆ ಹೊದಿಸಿದ್ರಂತೆ. ಇವಳ ಊರಲ್ಲಿ ಗಂಡ ಸತ್ತ ಮನೆಗೆ ಮಾತ್ರ ಕರಿ ಬಟ್ಟೆ ಅಂತೆ.”

ಮಲ್ಲಕ್ಕ ಅಳುತ್ತಲೇ ನಗತೊಡಗಿದಳು. ಅವ್ವ ಆಕೆಯ ಹತ್ತಿರ ಹೋಗಿ ಗಲ್ಲ ಹಿಡಿದಳು. “ಹುಚ್ಚಿ! ಹುಚ್ಚಿ! ಹೇಳಪಾ ತಮ್ಮಾ ಆಕಿಗೆ. ನಮ್ಮಲ್ಲಿ ಅದು ಹೊಸ ಸೊಸಿ ಸೀರಿ. ನಾನೂ ಉಟ್ಟೀನಿ, ಈಕಿನೂ ಉಟ್ಟಾಳ. ಸೀಳಿದ ಬಳಿ ತಗದು ಹಸರು ಬಳಿ ಇಡಾಕ ಹಲೀಮಾ ಬಂದಾಳ. ನನ್ನ ಮಗಗ ಏನಾಗೈತಿ? ಏನೂ ಆಗಿಲ್ಲ!”

ದೊರೈಸಾಮಿ ಹೇಳಿದ. ಆಕೆ ಅವ್ವನನ್ನು ನೋಡಿದಳು, ನೆಲದ ಮೇಲಿನ ಸೀರೆಯನ್ನು ನೋಡಿದಳು. ನಂಬಿದಳು ಅನಿಸಿತು. ಮುಖ ಸ್ವಲ್ಪ ಸಡಿಲಾಯಿತು. ನಾನು ಗೋಡೆಗೆ ಒರಗಿ ಕೂತೆ. ಮುಗಿಯಿತು ಅಂದುಕೊಂಡೆ.

ಆಗ ಆಕೆ ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದಳು. ದೊರೈಸಾಮಿ ನನ್ನ ಕಡೆ ತಿರುಗಿದ.

“ಏನೂ ಆಗಿಲ್ಲ ಅಂತ ನಿಮಗೆ ಯಾರು ಹೇಳಿದ್ರು ಅಂತ ಕೇಳ್ತಾಳೆ. ಕಾಗದ ಬಂತಾ ಅಂತ.”

ಆಕೆ ದೇವರ ಮಾಡದ ಕಡೆ ಕೈ ತೋರಿಸಿ ಮತ್ತೇನೋ ಹೇಳಿದಳು.

“ಅಣ್ಣ ಆ ಅರಿಶಿನ ಹಿಡಿದು ಹೇಳಲಿ ಅಂತಾಳೆ. ಜೀವಂತ ಇದಾನೆ ಅಂತ. ಹೇಳಿದ್ರೆ ಎಷ್ಟು ವರ್ಷ ಆದ್ರೂ ಇಲ್ಲೇ ಕಾಯ್ತಾಳಂತೆ. ಆ ಕರಿ ಸೀರೇನೂ ಉಡ್ತಾಳಂತೆ.”

ಮಲ್ಲಕ್ಕ ನನ್ನನ್ನು ಕೇಳಲೂ ಇಲ್ಲ. ತಾನೇ ದೇವರ ಮಾಡದಿಂದ ಭಂಡಾರದ ಚೀಲ ತಂದು ನನ್ನ ಮುಂದಿಟ್ಟಳು. “ಹಿಡೀರಿ. ಒಂದ ಮಾತು ಹೇಳ್ರಿ.”

ನಾನು ಚೀಲದಲ್ಲಿ ಕೈ ಹಾಕಿದೆ. ಮುಷ್ಟಿ ತುಂಬ ಭಂಡಾರ ಬಂತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಪುಷ್ಪವ್ವ ಮಂಡಿಯ ಮೇಲೆ ಕೂತು ನನ್ನ ಮುಷ್ಟಿಯನ್ನೇ ನೋಡುತ್ತಿದ್ದಳು. ಹೇಳಲು ಬಾಯಿ ತೆರೆದೆ. ಎರಡು ತಿಂಗಳಾಗಿತ್ತು ಪತ್ರವಿಲ್ಲದೆ. ಅವನು ಯಾವ ಮರದ ಕೆಳಗೆ ಬಿದ್ದಿದ್ದಾನೋ, ಯಾವ ಆಸ್ಪತ್ರೆಯಲ್ಲಿದ್ದಾನೋ, ಅಥವಾ ಗಟ್ಟಿಮುಟ್ಟಾಗಿ ಎಲ್ಲೋ ಪಹರೆ ನಿಂತಿದ್ದಾನೋ, ನನಗೆ ಹೇಗೆ ಗೊತ್ತು? ಇದ್ದಾನೆ ಎಂದು ದೇವರ ಮುಂದೆ ಸುಳ್ಳು ಹೇಳಿ, ಆ ಸುಳ್ಳು ಅವನಿಗೇ ತಟ್ಟಿದರೆ? ಹೇಳದೆ ಹೋದರೆ ಈಕೆ ಹೋಗುತ್ತಾಳೆ, ಅವನಿಗೆ ಕೊಟ್ಟ ಮಾತು ಹೋಗುತ್ತದೆ. ಅವನನ್ನು ಉಳಿಸುವುದು ಹೇಳುವುದರಲ್ಲಿದೆಯೋ, ಹೇಳದೆ ಇರುವುದರಲ್ಲಿದೆಯೋ?

ಮುಷ್ಟಿ ಬಿಚ್ಚಿ ಭಂಡಾರವನ್ನು ಚೀಲಕ್ಕೆ ಸುರಿದೆ.

“ನನಗ ಗೊತ್ತಿಲ್ಲ,” ಎಂದೆ.

ದೊರೈಸಾಮಿ ಅದನ್ನು ಹೇಳಬೇಕಾಗಲಿಲ್ಲ. ಆಕೆ ನನ್ನ ಖಾಲಿ ಕೈ ನೋಡಿದ್ದಳು.

“ನಿಮ್ಮ ಖರೇತನಕ್ಕ ಬೆಂಕಿ ಬೀಳಲಿ!” ಎಂದಳು ಮಲ್ಲಕ್ಕ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಆಕೆ ನನ್ನ ಮೇಲೆ ದನಿ ಎತ್ತಿದ್ದು ಅವತ್ತೇ. “ಕುರಿಮರಿ ಸಲುವಾಗಿ ಭಂಡಾರ ತರ್ತೀರಿ, ತಮ್ಮನ ಹೇಣ್ತಿ ಸಲುವಾಗಿ ಹಿಡಿಯಾಕ ಬರೂದಿಲ್ಲೇನು?”

“ಆ ಮರಿ ನಂದಂತ ನನಗ ಗೊತ್ತಿತ್ತು!”

ಪುಷ್ಪವ್ವ ಎದ್ದು ಕೈಚೀಲಕ್ಕೆ ತನ್ನ ಬಟ್ಟೆ ತುಂಬಿದಳು. ದೊರೈಸಾಮಿ ಬಾಗಿಲಲ್ಲೇ ನಿಂತು ಕೇಳಿ ನಮಗೆ ಹೇಳಿದ. ಮಂಟಪಂ ಕ್ಯಾಂಪಿಗೆ ವಾರಕ್ಕೊಂದಾದರೂ ದೋಣಿ ಬರುತ್ತದಂತೆ. ಇಳಿದವರನ್ನೆಲ್ಲ ಕೇಳುತ್ತಾಳಂತೆ, ಈ ಹೆಸರಿನ ಸಿಪಾಯಿಯನ್ನು ಕಂಡಿರಾ ಎಂದು. ಇಲ್ಲಿ ಯಾರನ್ನು ಕೇಳುವುದು? ಕೇಳಲು ಮಾತೂ ಇಲ್ಲ, ಹೇಳುವವರೂ ಇಲ್ಲ.

“ಅಂವಾ ಇಲ್ಲಿಗೇ ಬರ್ತಾನಂತ ಹೇಳು,” ಎಂದೆ. “ನಾ ಮಾತು ಕೊಟ್ಟೀನಿ, ಈಕಿ ಇಲ್ಲೇ ಇರಬೇಕಂತ ಹೇಳು.”

ಅವನು ಹೇಳಿದ. ಆಕೆ ಒಂದೇ ಮಾತಿನ ಉತ್ತರ ಕೊಟ್ಟಳು.

“ಬರ್ತಾನೆ ಅಂತ ನಿಮಗೆ ಗೊತ್ತಾ ಅಂತ ಕೇಳ್ತಾಳೆ ಸಾರ್.”

ನನ್ನ ಸಿಟ್ಟು ನೆತ್ತಿಗೇರಿತು. “ಹೋಗ್ಲಿ! ಹಗ್ಗಾ ತಂದು ಕಟ್ಟಿ ಹಾಕಲೇನು? ಹೋಗ್ಲಿ!”

ದೊರೈಸಾಮಿ ಕೈ ಹೊಸೆದ. “ಇದನ್ನ ಹೇಳ್ಲಾ, ಬೇಡ್ವಾ?”

“ಬ್ಯಾಡ.”

ಆದರೆ ನನ್ನ ಕೈ ಬಾಗಿಲು ತೋರಿಸುತ್ತಿತ್ತು. ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವ್ವ ಆಕೆಯ ಉಡಿಯಲ್ಲಿ ಅಕ್ಕಿ ಹಾಕಿದಳು, ಚೀಲದಲ್ಲಿ ರೊಟ್ಟಿ ಇಟ್ಟಳು. ಆಕೆ ಎರಡೂ ಬೇಡವೆನ್ನಲಿಲ್ಲ. ಬಾಗಿ ಅವ್ವನ ಕಾಲು ಮುಟ್ಟಿದಳು. ನನ್ನ ಮುಂದೆ ಬಂದು ನಿಂತು ಏನೋ ಹೇಳಿದಳು. ಏನು ಎಂದು ದೊರೈಸಾಮಿಯ ಮುಖ ನೋಡಿದೆ. ಅವನು ತಲೆ ತಗ್ಗಿಸಿದ. ನಾನೂ ಕೇಳಲಿಲ್ಲ. ಬೈಗುಳವೋ, ಹರಕೆಯೋ, ಇವತ್ತಿಗೂ ಗೊತ್ತಿಲ್ಲ.

ಆಕೆ ಅಂಗಳ ದಾಟಿದಳು. ನಾನು ಕಟ್ಟೆಯವರೆಗೆ ಹೋದೆ. ಎರೆಹೊಲದ ನಡುವೆ ಸಂಶಿಯ ದಾರಿ ನೇರವಾಗಿ ಹೋಗುತ್ತದೆ, ಬಹಳ ದೂರದವರೆಗೆ ಕಾಣುತ್ತದೆ. ಮುಂದೆ ದೊರೈಸಾಮಿ, ಹಿಂದೆ ಆಕೆ. ಎರಡೂ ಕಡೆ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಓಡಿ ಹೋಗಿ ತಡೆಯಬೇಕು ಅನಿಸಿತು. ತಡೆದು ಏನು ಹೇಳುವುದು? ಗೊತ್ತಿಲ್ಲ ಎಂದದ್ದು ದೇವರ ಭಯಕ್ಕೋ, ಇಲ್ಲಾ ಮೊದಲ ದಿನವೇ ಆಕೆ ಹೋಗಲಿ ಅಂದುಕೊಂಡಿದ್ದೆನಲ್ಲ, ಅದಕ್ಕೋ? ನಿಂತಲ್ಲೇ ನಿಂತು ಯೋಚಿಸಿದೆ. ಹಿಂದಿನಿಂದ ಅವ್ವ “ಕರೀಯೋ ಮಾಳ್ಯಾ, ಕರೀಯೋ” ಎನ್ನುತ್ತಿದ್ದಳು.

“ಪುಷ್ಪವ್ವಾ!” ಎಂದು ಕೂಗಿದೆ. ಆ ಹೆಸರು ಹಿಡಿದು ನಾನು ಕರೆದದ್ದು ಅದೇ ಮೊದಲು.

ದೊರೈಸಾಮಿ ತಿರುಗಿ ನೋಡಿದ. ಆಕೆ ನೋಡಲಿಲ್ಲ. ಹಳ್ಳದ ಇಳುಕಲಿನಲ್ಲಿ ಮೊದಲು ಅವನು ಮರೆಯಾದ, ಆಮೇಲೆ ಆಕೆ. ಹಳ್ಳ ದಾಟಿದವರು ಆಚೆ ದಂಡೆಯ ಮೇಲೆ ಮತ್ತೆ ಕಾಣಬೇಕು. ದೊರೈಸಾಮಿ ಕಂಡ. ಅವನ ಹಿಂದೆ ಆಕೆಯ ಚೀಲ, ತಲೆ ಕಂಡವು. ಆಕೆ ತಿರುಗಿ ಬರಲಿಲ್ಲ.